ಮುತ್ತಾತನ ಅಪ್ಪನ ಕಲ್ಲು

ಲಂಡನ್ನಿನಲ್ಲಿರುವ ನನ್ನ ಸೋದರಳಿಯ ಫೋನು ಮಾಡಿ, ಸುಮ್ಮನಿದ್ದವನ ತಲೆಗೆ ಹುಳ ಬಿಟ್ಟ. "ಮಾವ, ನಮ್ಮ ಪಕ್ಕದ ಮನೆ ಮುದುಕ ಅವನ ಮುತ್ತಾತನ ಅಪ್ಪನ್ನ ಹುಡುಕಿಬಿಟ್ಟಿದ್ದಾನೆ. ನಮ್ಮೋರು ಯಾರು, ಏನು, ನೀವೂ ಸ್ವಲ್ಪ ನೋಡಿ."

ಆ ಮುದುಕನಿಗೇನು, ಚರ್ಚಿನ ಹಿತ್ತಲಲ್ಲಿ ಪಾಚಿಗಟ್ಟಿದ ಗೋರಿಕಲ್ಲು ಸಿಕ್ಕಿತಂತೆ. ಅದರ ಮೇಲೆ ಹೆಸರು, ಸತ್ತ ತಾರೀಕು, ಪಕ್ಕದಲ್ಲೇ ಹೆಂಡತಿ. ಅಲ್ಲಿಂದ ಸೀದಾ ಜನಗಣತಿ ಪಟ್ಟಿಗೆ ಹೋಗಿದ್ದಾನೆ. 1841ರಿಂದಲೂ ಅವರಲ್ಲಿ ಹತ್ತು ವರ್ಷಕ್ಕೊಮ್ಮೆ ಮನೆಯೊಳಗಿದ್ದವರ ಹೆಸರು, ವಯಸ್ಸು, ಕಸುಬು ಬರೆದುಕೊಂಡು, ಆ ಹಾಳೆಗಳನ್ನು ಜೋಪಾನ ಮಾಡಿದ್ದಾರೆ. ನೂರು ವರ್ಷ ಕಳೆದ ಮೇಲೆ ಯಾರು ಬೇಕಾದರೂ ನೋಡಬಹುದು. ಆದರೆ 1841ರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆದುಕೊಳ್ಳಬೇಕೆಂದು ಅಪ್ಪಣೆಯಾಗಿತ್ತು. 39 ಆದವನು 35 ಅಷ್ಟೇ. ಇದನ್ನು ಕೇಳಿ ನನಗೆ ಎಷ್ಟೋ ಸಮಾಧಾನವಾಯಿತು. ನಮ್ಮ ಹೆಡ್‌ಮೇಷ್ಟ್ರು ಇಡೀ ಒಂದನೇ ಕ್ಲಾಸನ್ನು ಜೂನ್ 1ನೇ ತಾರೀಕೇ ಹುಟ್ಟಿಸಿದ್ದರು. ನನ್ನ ಪೆನ್ಶನ್ನೂ ಅದೇ ಲೆಕ್ಕದಲ್ಲಿ ಬರುತ್ತಿದೆ.

ನಮ್ಮದು ಚಿಕ್ಕನಾಯಕನಹಳ್ಳಿ ಕಡೆಯ ಒಂದು ಹಳ್ಳಿ. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಹಾಗಾಗಿ ಕಲ್ಲಿನ ಆಸೆಯಾದರೂ ಇತ್ತು. ಜನಗಣತಿಯನ್ನು ಮಾತ್ರ ಬೇಗನೆ ಕೈಬಿಡಬೇಕಾಯಿತು. 1881ರ ಫೆಬ್ರವರಿ 17ರ ರಾತ್ರಿ ದೇಶಕ್ಕೆ ದೇಶವನ್ನೇ ಎಣಿಸಿದರು, ಸರಿ. ಒಟ್ಟು ಕೂಡಿಸಿಕೊಂಡರು, ಮನೆಮನೆಯ ಹಾಳೆಗಳನ್ನು ಇಟ್ಟುಕೊಳ್ಳಲಿಲ್ಲ. ಕಣದಲ್ಲಿ ರಾಶಿ ಅಳೆದ ಮೇಲೆ ತೆನೆಯನ್ನು ಯಾರು ಕೇಳುತ್ತಾರೆ? 1871ರಲ್ಲಿ ಮೈಸೂರು ಸೀಮೆಯಲ್ಲಿ ಐವತ್ತು ಲಕ್ಷ ಚಿಲ್ಲರೆ ಜನ. 1881ಕ್ಕೆ 41,86,188. ನಡುವೆ ಧಾತು ಸಂವತ್ಸರದ ದೊಡ್ಡ ಬರ ಬಂದು ಹೋಗಿತ್ತು. ಆ ಸಾಲನ್ನು ನೋಡುವಾಗ ನನ್ನ ತಮಾಷೆ ಒಂದು ಗಳಿಗೆ ನಿಂತಿತು. ನಮ್ಮ ವಂಶ ಇಲ್ಲಿಯವರೆಗೆ ಬಂದಿರುವುದರಿಂದ ನನ್ನ ಮುತ್ತಾತನಂತೂ ಉಳಿದಿದ್ದ. ಅವನ ಅಪ್ಪ? ಕೊನೆಯ ಆ 8ರಲ್ಲಿ ಒಬ್ಬನೋ, ಕಳೆದು ಹೋದ ಎಂಟೂಮುಕ್ಕಾಲು ಲಕ್ಷದಲ್ಲಿ ಒಬ್ಬನೋ?

ಇನ್ನು ಹೆಸರು. ಅದೊಂದು ಮಾತ್ರ ಹುಡುಕದೆಯೇ ಗೊತ್ತಿತ್ತು. ನಮ್ಮ ಮನೆಯಲ್ಲಿ ತಾತನ ಹೆಸರು ಮೊಮ್ಮಗನಿಗೆ. ಬಸಪ್ಪನ ಮಗ ಸಿದ್ದಪ್ಪ, ಸಿದ್ದಪ್ಪನ ಮಗ ಬಸಪ್ಪ. ಏತದ ಹಾಗೆ ಒಂದು ಮೇಲೆ, ಒಂದು ಕೆಳಗೆ. ಆ ಲೆಕ್ಕದಲ್ಲಿ ಮುತ್ತಾತನ ಅಪ್ಪನೂ ಬಸಪ್ಪ, ನಾನೂ ಬಸಪ್ಪ. ಗಂಡನ ಹೆಸರು ಬಾಯಲ್ಲಿ ಹೇಳಬಾರದಲ್ಲ, ಅದಕ್ಕೆ ಅಜ್ಜಿ ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. "ಲೋ ಇವ್ನೇ, ಬಾರೋ" ಎನ್ನುತ್ತಿದ್ದಳು. ಅಜ್ಜಿ ಬೈದರೂ ಬಹುವಚನ ಬಂದುಬಿಡುತ್ತದೋ ಎಂಬ ಅನುಮಾನ ನನಗಿತ್ತು.

ಕಡೆಗೆ ಕೈಹಿಡಿದವನು ಹೆಳವ. ವಂಶಾವಳಿ ಹೇಳುವುದೇ ಅವರ ಕುಲದ ಕಸುಬು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ಈತ ಬೈಕಿನಲ್ಲಿ ಬಂದ. ಕೆಂಪು ಬಟ್ಟೆಯ ಗಂಟು ಬಿಚ್ಚಿ, ಅಂಚು ಸವೆದ ಪುಸ್ತಕ ತೆಗೆದು, ಒಂದೇ ಉಸಿರಿಗೆ ಒಂಬತ್ತು ತಲೆ ಹೇಳಿದ. ಇಸವಿ ಒಂದೂ ಇಲ್ಲ. ಬಸಪ್ಪ, ಸಿದ್ದಪ್ಪ ಧಾರಾಳವಾಗಿದ್ದರು. ಹೆಂಗಸರ ಹೆಸರಿಲ್ಲ. ನಾವೆಲ್ಲ ಗಂಡಸರ ಹೊಟ್ಟೆಯಲ್ಲೇ ಹುಟ್ಟಿದ ಹಾಗಿತ್ತು. ಮುತ್ತಾತನ ಅಪ್ಪನ ಹತ್ತಿರ ಬಂದು ದನಿ ಎತ್ತಿದ: "ಬಲೇ ದೊಡ್ಡ ಕೈ ಕಣ್ರಪ್ಪ! ನಮ್ಮ ಮುತ್ತಾತಂಗೆ ಹಾಲು ಕರೆಯೋ ಹಸ ಕೊಟ್ಟಿದ್ದ." ಇತಿಹಾಸ ಯಾವ ಕಡೆ ತಿರುಗುತ್ತಿದೆಯೆಂದು ನನ್ನ ಹೆಂಡತಿಗೆ ಗೊತ್ತಾಗಿ, ಎದ್ದು ಒಳಗೆ ಹೋದಳು. ಹಸುವಿನ ಬದಲು ಎರಡು ಸಾವಿರಕ್ಕೆ ಒಪ್ಪಿಸಿದೆ. ಆಮೇಲೆ ಗುಟ್ಟು ಹೇಳಿದ: "ಹುಣಸೆಮರದ ಹೊಲದ ಮೂಲೇಲಿ ಮಡಗವ್ರೆ."

ಮಾರನೆಯ ದಿನವೇ ಹೊರಟೆ. ಹುಣಸೆಮರ ಇತ್ತು, ಮೂಲೆ ಇತ್ತು, ಉಣ್ಣಿಗಿಡದ ಪೊದೆಯೊಳಗೆ ಅರ್ಧ ಹೂತ ಕಲ್ಲೂ ಇತ್ತು. ಅಕ್ಷರವಿರಲಿಲ್ಲ; ಬಡವ, ಬರೆಸಲಾಗಲಿಲ್ಲ ಎಂದುಕೊಂಡೆ. ನೀರು ಹಾಕಿ ತೊಳೆದೆ. ವಿಭೂತಿ ಬಳಿದು, ಕರ್ಪೂರ ಹಚ್ಚಿ, ಕಾಯಿ ಒಡೆದೆ. ಕಣ್ಣಂಚು ಒದ್ದೆಯಾದದ್ದೂ ನಿಜ. ಫೋಟೋ ಲಂಡನ್ನಿಗೆ ಹೋಯಿತು. ಪಕ್ಕದ ಮನೆ ಮುದುಕ ಟೋಪಿ ತೆಗೆದು ನೋಡಿದನಂತೆ.

ವಾರದೊಳಗೆ ಪೋಡಿಗೆಂದು ಸರ್ವೆಯವನು ಬಂದ. ವಿಭೂತಿ ಬಳಿದ ಕಲ್ಲನ್ನೂ ಕೈಲಿದ್ದ ನಕ್ಷೆಯನ್ನೂ ಎರಡು ಸಲ ನೋಡಿ, ಸಂಕೋಚದಿಂದ ಹೇಳಿದ: "ಸಾರ್, ಇದು ಬಾಂದುಕಲ್ಲು."

ಅಂದರೆ ನಾನು ಕಾಯಿ ಒಡೆದದ್ದು ಕಂದಾಯ ಇಲಾಖೆಗೆ! ಸೋದರಳಿಯನಿಗೆ ಇದನ್ನು ಇನ್ನೂ ಹೇಳಿಲ್ಲ.

ಆರು ತಿಂಗಳು ನಾಚಿಕೆಯಿಂದ ಆ ಕಡೆ ತಲೆ ಹಾಕಲಿಲ್ಲ. ಮೊನ್ನೆ ಹೋದರೆ ಪೊದೆ ಸವರಿದ್ದಾರೆ, ಕಲ್ಲಿಗೆ ಅರಿಶಿನ, ಕುಂಕುಮ, ಕಣಗಿಲೆ ಹೂವು. ಪಕ್ಕದ ಹೊಲ ನನ್ನ ದಾಯಾದಿಯದು. ವರ್ಷಕ್ಕೆ ಅರ್ಧ ಅಡಿಯಂತೆ ನಮ್ಮ ಕಡೆಗೆ ನೇಗಿಲು ಸರಿಸುತ್ತಾ ಬಂದವನು. ಈ ಸಲ ಕಲ್ಲಿನಿಂದ ಒಂದು ಮಾರು ಬಿಟ್ಟು ಉತ್ತಿದ್ದ.

"ಯಾಕೋ ಅಷ್ಟು ದೂರ?" ಅಂದೆ.

ಅವನು ಚಪ್ಪಲಿ ಬಿಟ್ಟು ಕಲ್ಲಿನ ಕಡೆ ಕೈಮುಗಿದ. "ಅಯ್ಯಪ್ಪಾ, ಬಸಪ್ಪಜ್ಜ ಅವ್ನಲ್ಲಣ್ಣ!"