ಒಂದು ‘ಎ’ ಸಾಕಾ, ಎರಡು ಬೇಕಾ?

ಸೈಬರ್ ಸೆಂಟರಿನ ಹೊರಗೆ ಸಿಮೆಂಟ್ ಬೆಂಚು. ಹನ್ನೊಂದು ಗಂಟೆಯಾದರೂ ಸರ್ವರ್ ಎದ್ದಿರಲಿಲ್ಲ. ಬೆಂಚಿನ ತುದಿಯಲ್ಲಿ ಒಂದು ಹೆಸರು ಕೂತಿತ್ತು: ಸಾಕಮ್ಮ. ಮಡಿಲಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರು, ಅದರೊಳಗೆ ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ನಾಲ್ಕಾಗಿ ಮಡಚಿ ಮಡಚಿ ಮಡಿಕೆಯಲ್ಲಿ ಅಕ್ಷರವೇ ಅಳಿಸಿಹೋದ ಆಧಾರ್ ಪ್ರತಿ. ಹೆಣ್ಣುಮಕ್ಕಳ ಹೆಸರಿನ ಮೇಲೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಬೆನ್ನು ಹತ್ತಿದ್ದರು. ನಾನು ಪಕ್ಕದಲ್ಲೇ ಕೂತೆ.

ಏನವ್ವ, ಇಲ್ಲಿ?

ಗೃಹಲಕ್ಷ್ಮಿ ಎರಡು ಸಾವಿರ ನಿಂತೋಗದೆ ಕಣ್ ಮಗ. ಆಧಾರ್‌ನಲ್ಲಿ ನಂಗೆ ಒಂದು ‘ಎ’, ರೇಷನ್ ಕಾರ್ಡ್‌ನಲ್ಲಿ ಎರಡು ‘ಎ’. ಪಾಸ್‌ಬುಕ್ಕಲ್ಲಿ ಯಾವನೋ ಪುಣ್ಯಾತ್ಮ ಒಂದು ‘ಎಚ್’ ತುರುಕಿ ಸಖಮ್ಮ ಮಾಡವ್ನೆ. ನಾನು ಮೂರು ಜನ ಅಂತದೆ ಕಂಪ್ಯೂಟ್ರು. ದುಡ್ಡು ಮಾತ್ರ ಒಬ್ಳಿಗೂ ಇಲ್ಲ.

ಈಗ ವಾಸ ಎಲ್ಲಿ?

ಒಂದು ಕಾಲದಲ್ಲಿ ತೊಟ್ಟಿಲಲ್ಲಿದ್ದೆ. ಈಗ ವೋಟರ್ ಲಿಸ್ಟು, ಪಹಣಿ, ನರೇಗಾ ಜಾಬ್ ಕಾರ್ಡು. ‘ಸಾಕಮ್ಮ ಕೋಂ ಲೇಟ್’ ಇಂಥೋರು ಅಂತ. ಅಂಗನವಾಡೀಲಿ ಹುಡುಕಬೇಡ, ಅಲ್ಲೀಗ ಆದ್ಯ, ಆರಾಧ್ಯ, ಅನನ್ಯ. ಟೀಚರಮ್ಮ ‘ಆ’ ಅಂತ ಬಾಯಿ ತೆಗೆದ್ರೆ ಅರ್ಧ ಮಕ್ಕಳು ಎದ್ದು ನಿಂತ್ಕತವೆ.

ನಿಮ್ಮ ಅರ್ಥ ಎಲ್ಲರಿಗೂ ಗೊತ್ತಿರೋದೇ. ಸಾಲಾಗಿ ಹೆಣ್ಣು ಹುಟ್ಟಿದ ಮನೆಯಲ್ಲಿ ‘ಇನ್ನು ಸಾಕಮ್ಮ’ ಅಂತ ದೇವರಿಗೆ ಹಾಕಿದ ಅರ್ಜಿ.

ಅರ್ಜಿ ಹೌದು, ಮಂಜೂರಾಗಿದ್ದು ಕಮ್ಮಿ. ನನ್ನ ಬೆನ್ನಿಗೇ ಇನ್ನೂ ಮೂರು ಹೆಣ್ಣು ಬಂದಿದ್ದುಂಟು. ಹೆಸರು ಇಟ್ಟಿದ್ದು ಕೂಸಿಗೆ. ಸಾಕು ಅಂತ ಹೇಳಬೇಕಿದ್ದು ಅವರಪ್ಪಂಗೆ.

ಇನ್ನೊಂದು ಅರ್ಥ ಐತಲ್ಲ, ಅದನ್ಯಾಕೆ ಬಿಟ್ಟೆ? ಹಸು ಸಾಕ್ತೀವಿ, ಮಕ್ಕಳನ್ನ ಸಾಕ್ತೀವಿ ಅಂತೀರಲ್ಲ, ಆ ಸಾಕು. ಹುಟ್ಟಿದ ಮಕ್ಕಳು ಕೈಗೆ ದಕ್ಕದ ಮನೇಲಿ, ಇದೊಂದಾದ್ರೂ ಸಾಕಿಕೊಳ್ಳಂಗಾಗಲಿ ಅಂತ ನನ್ನ ಕರೆದೋರವ್ರೆ. ತಾಯಿ ಸತ್ತು ಬೇರೆಯೋರ ಮಡಿಲಲ್ಲಿ ಬೆಳೆದ ಕೂಸಿಗೂ ನಾನೇ. ನಮ್ಮ ಓರಗೆಯೋಳು ತಿಪ್ಪಮ್ಮನ್ನ ಕೇಳು. ಕೂಸನ್ನ ತಿಪ್ಪೆ ಮೇಲೆ ಮಲಗಿಸಿ, ‘ಇದು ನಮ್ಮದಲ್ಲ, ಬಿದ್ದಿತ್ತು’ ಅಂತ ಎತ್ಕೊಂಡು ಬರೋರು. ಬೆಲೆಯಿಲ್ಲದ್ದು ಅಂದ್ಕೊಂಡು ಜವರಾಯ ಹಿಂದಕ್ಕೆ ಹೋಗಲಿ ಅಂತ. ಯಮಂಗೇ ಸುಳ್ಳು ಲೆಕ್ಕ ತೋರಿಸೋ ಜನ ನಾವು.

(ಕಚೇರಿ ಲೆಕ್ಕದಲ್ಲಿ ಇದನ್ನು ‘ಅಂಡರ್ ವ್ಯಾಲ್ಯುಯೇಷನ್’ ಎನ್ನುತ್ತಾರೆ. ಸೈಟು ನೋಂದಣಿ ಮಾಡಿಸುವಾಗ ಈಗಲೂ ನಡೆಯುತ್ತದೆ.)

ನಿಮ್ಮ ನೆಂಟರು ಬೇರೆ ಕಡೆಯೂ ಇದ್ದಾರಂತೆ?

ತಮಿಳುನಾಡಲ್ಲಿ ಪೋದುಂಪೊಣ್ಣು, ಹೆಣ್ಣು ಸಾಕು ಅಂತಲೇ ಅರ್ಥ. ಮಹಾರಾಷ್ಟ್ರದಲ್ಲಿ ನಕೋಶಿ, ಬೇಡವಾದೋಳು. 2011ರಲ್ಲಿ ಸಾತಾರಾ ಜಿಲ್ಲೇಲಿ ಅಧಿಕಾರಿಗಳೇ ಸಮಾರಂಭ ಮಾಡಿ 280ಕ್ಕೂ ಹೆಚ್ಚು ನಕೋಶಿಯರಿಗೆ ಹೊಸ ಹೆಸರು ಕೊಟ್ಟು ಸರ್ಟಿಫಿಕೇಟ್ ಹಂಚಿದರು. ಐಶ್ವರ್ಯ ಅಂತ ಇಟ್ಕೊಂಡ ಹುಡುಗೀರೂ ಅವ್ರೆ. ಹೆಸರು ಬದಲಾಯಿಸೋದು ಸಲೀಸು. ಇಟ್ಟೋರ ಬುದ್ಧಿಗೆ ಯಾವ ಕೌಂಟರ್‌ನಲ್ಲಿ ತಿದ್ದುಪಡಿ ಮಾಡಿಸ್ತೀಯ?

ಈಗ ಯಾರೂ ಮಗಳಿಗೆ ಸಾಕಮ್ಮ ಅಂತ ಇಡಲ್ಲ. ಜನ ಸುಧಾರಿಸಿದ್ದಾರೆ ಅನ್ನಬಹುದಾ?

(ಹೆಸರು ಎಲೆಯಡಿಕೆ ಉಗಿದು ಬಂದಿತು.)

ನನ್ನ ಕೆಲಸಕ್ಕೆ ಮಿಷನ್ ಬಂತು ಕಣಪ್ಪ. ಹೊಟ್ಟೇಲಿರೋದು ಗಂಡೋ ಹೆಣ್ಣೋ ಹೇಳಕೂಡದು ಅಂತ 1994ರಲ್ಲೇ ಕಾನೂನಾಗದೆ. 2023ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೇಲಿ ಸ್ಕ್ಯಾನಿಂಗ್ ನಡೀತಿತ್ತು ಅಂತ ಪೊಲೀಸರು ಹಿಡಿದರಲ್ಲ, ಪೇಪರ್ ಓದಲಿಲ್ವಾ? ಬೆಲ್ಲ ಬೇಯಿಸೋ ಜಾಗ. ನಾನು ಹುಟ್ಟಿದ ಮ್ಯಾಲೆ ಸಾಕು ಅಂತಿದ್ದೆ. ಆ ಕೂಸು ಅನ್ನ ಉಂಡು, ಕುರಿ ಮೇಯಿಸಿ, ಮೊಮ್ಮಕ್ಕಳನ್ನ ಕಾಣೋದು. ಮಿಷನ್ನು ಹುಟ್ಟಕ್ ಮುಂಚೇನೇ ಅಂತದೆ. ಹೆಸರಿಡೋ ಖರ್ಚೂ ಇಲ್ಲ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಒಳಗೆ ಪ್ರಿಂಟರ್ ಒಮ್ಮೆ ಕೆಮ್ಮಿ ನಿಂತಿತು. ಮಾತು ಬದಲಿಸಲು ಕಾಫಿ ತರಿಸಿದೆ.

ನಿಮ್ಮ ಹೆಸರು ಹೊತ್ತವರಲ್ಲಿ ಯಾರ ಮೇಲೆ ಹೆಚ್ಚು ಪ್ರೀತಿ?

ಕಾಫಿ ತರಿಸಿ ಈ ಪ್ರಶ್ನೆ ಕೇಳ್ತೀಯಲ್ಲ! ಕಾಫಿಪುಡಿ ಸಾಕಮ್ಮ. ಸೋಮವಾರಪೇಟೆಯ ಕಾಫಿ ತೋಟದ ಸಾಹುಕಾರರನ್ನ ಮದುವೆಯಾದ್ಲು, ಎಳೆ ವಯಸ್ಸಿಗೇ ಗಂಡ ಹೋದ. ಮೂಲೇಲಿ ಕೂರಬೇಕಿದ್ದೋಳು ತೋಟ ನಡೆಸಿದ್ಲು, ಬೆಂಗಳೂರಿಗೆ ಬಂದು ಬಸವನಗುಡೀಲಿ ಕಾಫಿಪುಡಿ ಕಾರ್ಖಾನೆ ಹಾಕಿದ್ಲು. ಮೈಸೂರು ಪ್ರಜಾಪ್ರತಿನಿಧಿ ಸಭೇಲಿ ಕೂತ್ಲು. ಹುಡುಗರು ಓದಲಿ ಅಂತ ಹಾಸ್ಟೆಲ್ ಮಾಡಿದ್ಲು. ಬಸವನಗುಡೀಲಿ ಸಾಕಮ್ಮ ಗಾರ್ಡನ್ ಅಂತ ಬಡಾವಣೆ ಈಗ್ಲೂ ಐತೆ. ನನ್ನ ಹೆಸರು ಮಗಳಿಗೆ ಬೇಡ ಅನ್ನೋರು ಅಲ್ಲಿ ಸೈಟು ಸಿಕ್ಕಿದ್ರೆ ಬೇಡ ಅಂತಾರಾ, ಕೇಳ್ನೋಡು.

ಇನ್ನೊಬ್ಳು ದೇವನೂರು ಮಹಾದೇವರ ‘ಒಡಲಾಳ’ದ ಸಾಕವ್ವ. ಕಳೆದೋದ ಒಂದು ಹುಂಜಕ್ಕೆ ಊರೆಲ್ಲ ಒಂದು ಮಾಡ್ತಾಳೆ. ಒಬ್ಳು ಕಾಫಿ ತೋಟ ಆಳಿದ್ಲು, ಒಬ್ಳಿಗೆ ಒಂದು ಹುಂಜ ದಕ್ಕಲಿಲ್ಲ. ಇಬ್ರೂ ನಾನೇ. ಅಂದ್ಮೇಲೆ ಹೆಸರಲ್ಲೇ ಭವಿಷ್ಯ ಐತೆ ಅಂತ ಸಾವಿರಗಟ್ಟಲೆ ಕಿತ್ತು ಅಕ್ಷರ ಕೂಡಿಸಿ ಕಳೆಯೋ ಸಂಖ್ಯಾಶಾಸ್ತ್ರದೋರು ಏನಂತಾರೆ?

ಅಲ್ಲಾ, ನಿನ್ನ ಮಗಳಿಗೆ ಏನು ಹೆಸರು ಮಡಗಿದೀಯ?

ಇಯಾನಾ.

ಹಂಗಂದ್ರೆ?

ಒಂದು ಕಡೆ ದೇವರ ವರ ಅಂತಿತ್ತು, ಇನ್ನೊಂದು ಕಡೆ ಹೂವು ಅಂತಿತ್ತು...

ನಿಮ್ಮವ್ವ ಕೂಸನ್ನ ಏನಂತ ಕರೀತಾರೆ?

ಪುಟ್ಟಮ್ಮ.

ಹೆಸರು ಲೋಟದ ತಳದ ಕಾಫಿಯನ್ನು ಸುರ್ ಎಂದು ಎಳೆದುಕೊಂಡು ನಗತೊಡಗಿತು. ಅಷ್ಟರಲ್ಲಿ ಸರ್ವರ್ ಎದ್ದಿತು. ಕಂಪ್ಯೂಟರಿನ ಹುಡುಗ ಪರದೆಯಿಂದ ಕಣ್ಣು ಕೀಳದೆ ಕೂಗಿದ: “ಸಖಮ್ಮ ಯಾರ್ರೀ? ಸಖಮ್ಮ!”

“ಬಂದೆ ಕಣಪ್ಪ” ಎಂದು ಹೆಸರು ಕವರು ಅವುಚಿಕೊಂಡು ಎದ್ದಿತು.