ಬಾಗಲವಾಡೀಯ ಗೃಹಾನ್ವೇಷಣ ಮೀಮಾಂಸೆ (ಕಡಲತೀರ ಕಾಂಡ)

ಹೇಳಲು ಬೇರೇನೂ ತೋಚದಾಗ ಪಂಡಿತರು ಪದನಿಷ್ಪತ್ತಿಯಿಂದ ಆರಂಭಿಸುವುದು ರೂಢಿ. ನಾನೂ ಹಾಗೇ ಮಾಡುತ್ತೇನೆ. ನಮ್ಮ ಕಡೆ ಬಾಗಿಲಿಗೆ ಬಾಗಲ ಎನ್ನುತ್ತಾರೆ, ಗೌಡರ ದೊಡ್ಡ ಮನೆಗೆ ವಾಡೆ. ಎರಡೂ ಕೂಡಿದರೆ ಬಾಗಲವಾಡ. ಬಾಗಿಲೂ ಮನೆಯೂ ಒಂದೇ ಹೆಸರಿನಲ್ಲಿ ಸಿಗುವ ಊರು ಕರ್ನಾಟಕದಲ್ಲಿ ಇನ್ನೊಂದಿದ್ದರೆ ತೋರಿಸಲಿ. ಇದಕ್ಕೆ ಶಾಸನಾಧಾರ ಕೇಳಬಾರದು, ಆಧಾರ ನಾನೇ. ಸೀಮೆ ಹಿಂದಿನಿಂದಲೂ ಮಾನ್ವಿಯದು. ಅದನ್ನು ‘ಮನವಿ’ ಎಂದು ಓದಿಕೊಂಡರೆ ನಮ್ಮವರ ಕೈಯಲ್ಲಿ ಸದಾ ಒಂದು ಅರ್ಜಿ ಯಾಕಿರುತ್ತದೆ ಎಂಬುದೂ ತಿಳಿಯುತ್ತದೆ.

ಇಂಥ ಊರಲ್ಲಿ ಹುಟ್ಟಿದ ನನ್ನ ಅಕ್ಕನ ಮಗನಿಗೆ ಮಂಗಳೂರಲ್ಲಿ ನೌಕರಿ ಸಿಕ್ಕಿತು, ಮನೆ ಸಿಗಲಿಲ್ಲ. ಬಾಗಿಲೂರಿನ ಹುಡುಗನಿಗೆ ಒಂದು ಬಾಗಿಲೂ ಯಾಕೆ ತೆರೆಯಲಿಲ್ಲ ಎಂಬ ಸಮಸ್ಯೆಯ ಶೋಧನೆಯೇ ಪ್ರಸ್ತುತ ಮಹಾಪ್ರಬಂಧ. ಕ್ಷೇತ್ರಕಾರ್ಯ ನಾಲ್ಕು ದಿನ. ಅನುದಾನ, ಅಕ್ಕ ಕೊಟ್ಟ ಆರು ಸಾವಿರ ರೂಪಾಯಿ ಮತ್ತು ನಲವತ್ತು ಕಟಕ ರೊಟ್ಟಿ. ಮಾರ್ಗದರ್ಶಕರು ಇರಲಿಲ್ಲ, ಇದ್ದಿದ್ದರೆ ಹೋಗಬೇಡ ಎಂದು ಮಾರ್ಗದರ್ಶನ ಮಾಡುತ್ತಿದ್ದರು.

ಪೂರ್ವಪಕ್ಷವೊಂದನ್ನು ಮೊದಲೇ ಖಂಡಿಸಬೇಕು. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ನೂರಾರು ಕಿಲೋಮೀಟರ್ ದಾಟದೆ ಉಪ್ಪುನೀರು ಕಾಣದ ರಾಯಚೂರು ಸೀಮೆಯವರಿಗೆ ಕಡಲಿನ ಮೇಲೆ ಏನು ಹಕ್ಕು ಎಂದು ಕೆಲವರು ಕೇಳಬಹುದು. ಕೇಳುವವರು ಭೂವಿಜ್ಞಾನ ಓದಿಲ್ಲ. ನಮ್ಮ ಜಿಲ್ಲೆಯ ಹಟ್ಟಿ-ಮಸ್ಕಿ ಶಿಲಾಪಟ್ಟಿಯಲ್ಲಿ ದಿಂಬಿನಾಕಾರದ ಲಾವಾ ಕಲ್ಲುಗಳಿವೆ. ಕುದಿಯುವ ಲಾವಾ ನೀರಿನೊಳಗೆ ಉಕ್ಕಿ ಥಟ್ಟನೆ ತಣಿದರೆ ಅಂಥ ಆಕಾರ ಬರುತ್ತದೆ. ಅಂದರೆ 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರ ನಮ್ಮಲ್ಲೇ ಇತ್ತು. ಹೋಗುವಾಗ ದಿಂಬು ಬಿಟ್ಟು ಹಾಸಿಗೆಯನ್ನು ಮಂಗಳೂರಿಗೆ ಒಯ್ದಿದೆ. ನಾವು ಹೋದದ್ದು ಹಾಸಿಗೆ ಕೇಳಲಿಕ್ಕೆ.

ಆಮೇಲಿನ ಕಾಲದಲ್ಲೂ ನಮ್ಮದು ನೀರಂಚಿನ ಜಾಗವೇ. ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ, ನಡುವೆ ಎಡೆದೊರೆ ನಾಡು. ಎರಡು ಹೊಳೆಗಳ ನಡುವಿನ ಈ ನಿವೇಶನಕ್ಕಾಗಿ ವಿಜಯನಗರದವರೂ ಬಹಮನಿಯವರೂ ತಲೆಮಾರುಗಟ್ಟಲೆ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ. ಮಂಗಳೂರಿನ ಸೈಟಿನ ಜಗಳಗಳು ಎಷ್ಟೇ ದೊಡ್ಡವಿರಲಿ, ಆನೆ ತಂದದ್ದು ನಾನಂತೂ ಕೇಳಿಲ್ಲ.

ಈಗ ಮಾನಶಾಸ್ತ್ರ. ನಮ್ಮಲ್ಲಿ ಭೂಮಿಯನ್ನು ಎಕರೆ, ಗುಂಟೆಗಳಲ್ಲಿ ಅಳೆಯುತ್ತೇವೆ. 40 ಗುಂಟೆಗೆ ಒಂದು ಎಕರೆ. ಕರಾವಳಿಯಲ್ಲಿ ಸೆಂಟ್ಸ್, 100 ಸೆಂಟ್ಸಿಗೆ ಒಂದು ಎಕರೆ, ಒಂದು ಸೆಂಟಿಗೆ 435.6 ಚದರಡಿ. ಭೂಮಿ ತುಟ್ಟಿಯಾದಷ್ಟೂ ಅಳತೆಗೋಲು ಗಿಡ್ಡಾಗುತ್ತದೆ ಎಂಬ ಸೂತ್ರ ಇಲ್ಲಿ ಸಿದ್ಧ. ಬಾಡಿಗೆ ಕೇಳಿ ಸಾಕಾಗಿ, ಒಂದು ತುಣುಕು ಜಾಗ ಕೊಂಡರೆ ಹೇಗೆ ಎಂದು ಹುಡುಗ ಅವರಪ್ಪನಿಗೆ ಫೋನು ಹಚ್ಚಿದ.

“ಐದು ಸೆಂಟ್ಸ್ ಜಾಗ ಐತಂತಪ್ಪಾ.”

“ಸೆಂಟ್ ಅಂದ್ರ ಅತ್ತರೇನಲೇ?”

“ಅಲ್ಲಪ್ಪಾ, ಜಾಗದ ಲೆಕ್ಕ.”

“ಜಾಗಾನೂ ಸೀಸೆದಾಗ ಹಾಕಿ ಮಾರ್ತಾರೇನು?”

ಕ್ಷೇತ್ರಕಾರ್ಯದಲ್ಲಿ ಕೇಳಿಬಂದ ಪ್ರಮೇಯಗಳಲ್ಲಿ ಇದಕ್ಕಿಂತ ಖಚಿತವಾದುದು ಇನ್ನೊಂದಿಲ್ಲ. ಐದು ಸೆಂಟ್ಸ್ ಎಂದರೆ ಎರಡು ಗುಂಟೆ ಎಂದು ಹುಡುಗ ಬಿಡಿಸಿ ಹೇಳಿದ. “ಎರಡು ಗುಂಟಿ! ನಮ್ ಹೊಲದ ಬದು ಅದಕ್ಕಿಂತ ದೊಡ್ಡದೈತಿ” ಎಂದರು ಭಾವ. ಆಮೇಲೆ ಬೆಲೆ ಕೇಳಿದರು. ಆಮೇಲೆ ಫೋನಿನಲ್ಲಿ ಎತ್ತಿನ ಗಂಟೆಯ ಸದ್ದು ಮಾತ್ರ ಕೇಳಿಸುತ್ತಿತ್ತು.

ಬಾಡಿಗೆಗೇ ಮರಳೋಣ. ಕೇಂದ್ರ ಸರ್ಕಾರ 1991ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಸಮುದ್ರದ ಉಬ್ಬರರೇಖೆಯಿಂದ 500 ಮೀಟರ್‌ವರೆಗಿನ ನೆಲ ಕರಾವಳಿ ನಿಯಂತ್ರಣ ವಲಯ. ಹಳ್ಳಿಗಾಡಿನ ತೀರದಲ್ಲಿ ಮೊದಲ 200 ಮೀಟರಿನೊಳಗೆ ಹೊಸ ಕಟ್ಟಡ ಏಳುವಂತಿರಲಿಲ್ಲ. 2019ರ ಅಧಿಸೂಚನೆ ಬಂದ ಮೇಲೆ, ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಕಡೆ ಆ 200 ಮೀಟರ್ 50ಕ್ಕೆ ಇಳಿಯಿತು. ನೀರಿನ ಉಬ್ಬರವನ್ನು ಸರ್ಕಾರ ಇಷ್ಟು ಮುತುವರ್ಜಿಯಿಂದ ಅಳೆದಿದೆ. ಬಾಡಿಗೆಯ ಉಬ್ಬರವನ್ನು ಯಾರೂ ಅಳೆದಿರಲಿಲ್ಲ. ಅದನ್ನು ನಾವಿಬ್ಬರೂ ಸಿಟಿ ಬಸ್ಸಿನಲ್ಲಿ ಅಳೆದೆವು.

ವಿಧಾನ ಸರಳ. ಬಸ್ಸು ನಿಂತಲ್ಲಿ ಇಳಿಯುವುದು, ಗೂಡಂಗಡಿಯಲ್ಲಿ ಮನೆ ಕೇಳುವುದು, ಬಾಡಿಗೆ ಕೇಳುವುದು, ಮುಂದಿನ ಬಸ್ಸು ಹತ್ತುವುದು. ಕದ್ರಿಯಲ್ಲಿ ನಮಗೆ ತೋರಿಸಿದ ಎರಡು ಕೋಣೆಯ ಮನೆಗೆ ಇಪ್ಪತ್ತೆರಡು ಸಾವಿರ. ಹುಡುಗನ ಸಂಬಳ ಇಪ್ಪತ್ತಾರು. ಉಳಿದ ನಾಲ್ಕು ಸಾವಿರದಲ್ಲಿ ಉಣ್ಣಬಹುದು, ಆದರೆ ಡೆಪಾಸಿಟ್ಟಿನ ಒಂದೂವರೆ ಲಕ್ಷವನ್ನು ಯಾವ ಹೊತ್ತಿನ ಊಟ ಬಿಟ್ಟು ಕೂಡಿಸುವುದು? ಕಂಕನಾಡಿಯಲ್ಲಿ ಒಂದು ಸಾವಿರ ಇಳಿಯಿತು, ಕೋಣೆಯೂ ಒಂದು ಇಳಿಯಿತು. ವಾಮಂಜೂರಿನ ಹೊತ್ತಿಗೆ ಗಾಳಿಯಲ್ಲಿ ಉಪ್ಪಿನ ವಾಸನೆಯೇ ಇರಲಿಲ್ಲ, ಬಾಡಿಗೆಯಲ್ಲಿ ಮಾತ್ರ ಇತ್ತು. ಸಮುದ್ರಕ್ಕೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಬಾಡಿಗೆಯ ಇಳಿತ ನಮ್ಮ ವೀಕ್ಷಣೆಗೆ ಬಂದಿಲ್ಲ. ಕರಾರುಪತ್ರಗಳೆಲ್ಲ ಹನ್ನೊಂದು ತಿಂಗಳದ್ದು. ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕಲ್ಲ. ಹೀಗಾಗಿ ಬಾಡಿಗೆದಾರರ ಪಂಚಾಂಗದಲ್ಲಿ ಯುಗಾದಿ ಒಂದು ತಿಂಗಳು ಮೊದಲೇ ಬರುತ್ತದೆ, ಬೇವಿನೊಂದಿಗೆ ಮಾತ್ರ.

ಭಾಷಾಶಾಸ್ತ್ರೀಯ ವಿಚಾರವನ್ನು ಸ್ವಲ್ಪ ವಿಸ್ತರಿಸುವುದು ಅಗತ್ಯ. ಬೆಂಗಳೂರಲ್ಲಿ ಮನೆ ‘ಇದೆ’, ನಮ್ಮಲ್ಲಿ ‘ಐತಿ’, ಮಂಗಳೂರಲ್ಲಿ ‘ಉಂಟು’. ಮೂರರಲ್ಲೂ ಉಂಟು ಎಂಬುದೇ ಗಟ್ಟಿ ಪದ. ಕಿವಿಗೆ ಬಿದ್ದರೆ ಮನೆಗೆ ಪಾಯ ಹಾಕಿದಂತೆಯೇ ಅನಿಸುತ್ತದೆ.

“ಅಮ್ಮಾ, ಮನಿ ಖಾಲಿ ಐತೇನ್ರಿ?”

“ಉಂಟು. ನೀವು ಎಲ್ಲಿಯವರು?”

“ರಾಯಚೂರು ಕಡಿಯವ್ರ್ರೀ.”

“ಓ, ಘಟ್ಟದ ಮೇಲಿನವರಾ?” ಅಮ್ಮ ಹುಡುಗನ ಚಪ್ಪಲಿಯ ಕಡೆ ನೋಡಿದರು. “ಮನೆ ಉಂಟು ಮಾರಾಯ್ರೆ. ಆದರೆ ಮಗಳು ಬರುವವಳಿದ್ದಾಳೆ.”

ಮೂರನೇ ದಿನದ ಹೊತ್ತಿಗೆ ಇಂಥ ಒಂಬತ್ತು ಮಗಳಂದಿರು ದುಬೈಯಿಂದ ಹೊರಟಿದ್ದರು. ವಿಮಾನ ನಿಲ್ದಾಣದಲ್ಲಿ ಜಾತ್ರೆಯೇ ನೆರೆದಿರಬೇಕು. ಮಗಳಿಲ್ಲದ ಮನೆಗಳಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡಿತ್ತು. ಬಂಗುಡೆ, ಬೂತಾಯಿಯ ಊರಲ್ಲಿ ಬುಟ್ಟಿ ಹೊತ್ತು ಮೀನು ಮಾರುವಾಕೆ ಆ ಬೋರ್ಡಿನ ಕೆಳಗೇ ಕೂತು ಬೆವರು ಒರೆಸಿಕೊಳ್ಳುತ್ತಿದ್ದಳು. ‘ಎಲ್ಲಿಯವರು, ಏನು ತಿನ್ನುತ್ತೀರಿ, ಮನೆದೇವರು ಯಾವುದು’ ಎಂಬ ಮೂರು ಪ್ರಶ್ನೆಗಳೂ ಬೇರೊಂದು ಪ್ರಶ್ನೆಯ ತತ್ಸಮ-ತದ್ಭವಗಳು ಎಂಬುದನ್ನು ವ್ಯಾಕರಣ ಬಲ್ಲವರಿಗೆ ಹೇಳಬೇಕಿಲ್ಲ.

ನಿಷ್ಪಕ್ಷಪಾತ ಸಂಶೋಧಕನಾಗಿ ಇನ್ನೊಂದನ್ನು ದಾಖಲಿಸಬೇಕು. ರಾಯಚೂರು ಶಹರದಲ್ಲಿ ಮನೆ ಕೇಳಲು ಹೋದರೆ ಆ ಪ್ರಶ್ನೆಯನ್ನು ಸುತ್ತಿ ಬಳಸದೆ ಕೇಳುತ್ತಾರೆ: “ನೀವು ಯಾರ ಪೈಕಿ?” ಎರಡೇ ನಿಮಿಷದಲ್ಲಿ ಬೀದಿಗೆ ಬಂದಿರುತ್ತೇವೆ. ಕರಾವಳಿಯವರು ಕೂರಿಸಿ, ಚಹಾ ಕೊಟ್ಟು, ಮಳೆ ಬರಬಹುದೆಂದು ಎಚ್ಚರಿಸಿ ಕಳಿಸುತ್ತಾರೆ. ಫಲಿತಾಂಶ ಒಂದೇ, ಆದರೆ ಚಹಾ ಚೆನ್ನಾಗಿತ್ತು.

ಘಟ್ಟದ ಮೇಲಿನಿಂದ ಬಂದು ಕಡಲ ಸೀಮೆಯಲ್ಲಿ ಹೊರಗೆ ನಿಂತವರಲ್ಲಿ ಹೆಸರುಳಿದವರು ಕಾಗಿನೆಲೆಯ ಕನಕದಾಸರು. ಉಡುಪಿಯಲ್ಲಿ ಗೋಡೆ ಬಿರಿದು ಕಿಂಡಿಯಾಯಿತು, ದೇವರು ತಿರುಗಿ ನಿಂತ ಎಂಬ ಪ್ರತೀತಿ ಎಲ್ಲರಿಗೂ ಗೊತ್ತು. ಗೃಹಾನ್ವೇಷಣ ದೃಷ್ಟಿಯಿಂದ ನೋಡಿದರೆ ದೇವರು ತಿರುಗಿದನೇ ಹೊರತು ಬಾಗಿಲು ತೆರೆಯಲಿಲ್ಲ. ನೂರಾರು ವರ್ಷಗಳ ಮೇಲೂ ಅದು ಕಿಂಡಿಯಾಗಿಯೇ ಇದೆ. ಭಕ್ತರು ಕ್ಷಮಿಸಬೇಕು, ನಾಲ್ಕು ದಿನ ಮನೆ ಹುಡುಕಿದವನಿಗೆ ಹೀಗೇ ಹೊಳೆಯುತ್ತದೆ.

ಹಾಗಾದರೆ ಮನೆಗಳೇ ಇಲ್ಲವೇ? ಇವೆ. ಎರಡನೇ ರಾತ್ರಿ ಲಾಡ್ಜಿನ ಕಿಟಕಿಯಲ್ಲಿ ಕೂತು ಎದುರಿನ ಎತ್ತರದ ಕಟ್ಟಡದ ದೀಪ ಎಣಿಸಿದೆವು. ನಮ್ಮ ಕಡೆ ಮುಖ ಮಾಡಿದ ಅರವತ್ತನಾಲ್ಕು ಮನೆಗಳಲ್ಲಿ ಹನ್ನೊಂದರಲ್ಲಿ ಬೆಳಕಿತ್ತು. ಉಳಿದವರೆಲ್ಲ ಗಲ್ಫಿನಲ್ಲಿ ಇರುವವರು, ಹಣ ಹೂಡಿ ಬೀಗ ಹಾಕಿದ್ದಾರೆ ಎಂದ ಲಾಡ್ಜಿನ ಹುಡುಗ. ಬೇರೆಯವರಿಗೆ ಇದು ಒಗಟಾಗಿರಬಹುದು, ಕಾಲುವೆ ಕೊನೆಯವನಿಗೆ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಹರಿದು ನಮ್ಮ ಕಡೆ ಬರುತ್ತದೆ, ಬರಬೇಕು. ಮೇಲ್ಭಾಗದಲ್ಲಿ ಜೋಳ, ಹತ್ತಿಗೆಂದು ಗೊತ್ತು ಮಾಡಿದ ನೆಲದಲ್ಲೂ ಭತ್ತ ನಾಟಿ ಮಾಡಿ ನೀರು ನಿಲ್ಲಿಸುತ್ತಾರೆ. ಮಾನ್ವಿ, ಸಿರವಾರ, ರಾಯಚೂರಿನ ಕೊನೆಭಾಗಕ್ಕೆ ನೀರಿನ ಬದಲು ‘ನೀರು ಬಿಟ್ಟಾರಂತ’ ಎಂಬ ಸುದ್ದಿ ಹರಿದು ಬರುತ್ತದೆ. ನಾವು ರಸ್ತೆ ತಡೆದು, ಮನವಿ ಕೊಟ್ಟು ಬರುತ್ತೇವೆ. ಅಣೆಕಟ್ಟು ತುಂಬಿದೆಯೋ ಇಲ್ಲವೋ ಎಂಬ ಚರ್ಚೆ ಅಧಿಕಾರಿಗಳಿಗೆ ಬಿಟ್ಟದ್ದು. ಮೇಲಿನವನು ತೂಬು ಎಷ್ಟು ಎತ್ತಿದ್ದಾನೆ ಎಂದು ನೋಡುವವನು ಕೊನೆಯ ರೈತ. ಮನೆಯೂ ಅಷ್ಟೇ. ಮಂಗಳೂರಲ್ಲಿ ಮನೆಯ ಬರವಿಲ್ಲ, ತೂಬು ಮೇಲಿದೆ.

ಮೂರನೇ ಸಂಜೆ ಸುಮ್ಮನೆ ನಡೆಯುತ್ತಿದ್ದಾಗ ಕಟ್ಟುತ್ತಿದ್ದ ಬಿಲ್ಡಿಂಗೊಂದರ ಹಿಂದಿನಿಂದ ಕೂಗು ಕೇಳಿಸಿತು: “ಲೇ, ಅತ್ಲಾಗ ಸರಿ, ತಗಡ ಬೀಳ್ತೈತಿ!” ಮೂರು ದಿನಗಳ ಮೇಲೆ ನಮ್ಮ ಕನ್ನಡ. ಹುಡುಗ ನಿಂತುಬಿಟ್ಟ. ತಗಡಿನ ಶೆಡ್ಡಿನ ಮುಂದೆ ಮೂರು ಕಲ್ಲಿನ ಒಲೆ. ಒಲೆಯ ಹತ್ತಿರ ಕೂತ ಹೆಣ್ಣುಮಗಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

“ನಮ್ ಕಡಿಯವ್ರೇನಣ್ಣಾ?”

“ಬಾಗಲವಾಡವ್ವ. ನಿಮ್ದು?”

“ದೇವದುರ್ಗ ಬಾಜೂಕರಿ. ಕುಂದ್ರು ಬರ್ರಿ.”

ಕೂರಲು ಸಿಮೆಂಟ್ ಚೀಲ ಹಾಸಿದಳು. ಶೆಡ್ಡಿಗೆ ಬಾಗಿಲಿರಲಿಲ್ಲ, ಅಂಥದೇ ಚೀಲಗಳನ್ನು ಬಿಚ್ಚಿ ಹೊಲಿದ ಪರದೆ ಇತ್ತು. ಪಕ್ಕದಲ್ಲಿ ಖಾಲಿ ಪೇಂಟ್ ಡಬ್ಬಿಯೊಳಗೆ ಒಂದು ಗಿಡ. ನೋಡಿದರೆ ಪುಂಡಿ. “ಇಲ್ಲಿ ಪ್ಯಾಟ್ಯಾಗ ಪುಂಡಿಪಲ್ಯ ಸಿಗಂಗಿಲ್ರಿ, ಊರಿಂದ ಬೀಜ ತಂದೀನಿ” ಎಂದಳು. ಅನುದಾನದ ಶೇಷವಾಗಿ ಉಳಿದಿದ್ದ ಆರು ರೊಟ್ಟಿ ತೆಗೆದೆವು. ಆಕೆ ಶೇಂಗಾ ಚಟ್ನಿ ತಂದಳು. ವಿಚಾರಸಂಕಿರಣ ಹೀಗೆ ಉದ್ಘಾಟನೆಗೊಂಡಿತು.

“ಸಮುದ್ರ ನೋಡಿದ್ರೇನು?”

“ಇಲ್ಲವ್ವ, ಮನಿ ಹುಡುಕೂದಾ ಆತು.”

“ಹನ್ನೊಂದನೇ ಮಾಳಿಗಿಂದ ಭಾಳ ಚಂದ ಕಾಣ್ತಿತ್ತಣ್ಣ. ಇಟ್ಟಂಗಿ ಹೊತ್ತು ಏರಿದಾಗೆಲ್ಲ ನೋಡ್ತಿದ್ದೆ. ಈಗ ಗ್ವಾಡಿ ಎಬ್ಬಿಸ್ಯಾರ.”

ಕಡಲು ಕಾಣುವ ಆ ಫ್ಲ್ಯಾಟಿನಲ್ಲಿ ಬಾಡಿಗೆ ಕೊಡದೆ ತಿಂಗಳುಗಟ್ಟಲೆ ಕಡಲು ಕಂಡ ಮೊದಲ ನಿವಾಸಿ ಈಕೆಯೇ. ಅದಕ್ಕೆ ಗೋಡೆ ಇರಬಾರದಿತ್ತು, ಅಷ್ಟೆ. 2025ರವರೆಗೆ ಜಾರಿಯಲ್ಲಿದ್ದ, ಕಟ್ಟಡ ಕಾರ್ಮಿಕರ 1996ರ ಕೇಂದ್ರ ಕಾಯ್ದೆಯ 34ನೇ ಕಲಮು ಇಲ್ಲಿ ಸ್ಮರಣೀಯ. ಕೆಲಸದ ಜಾಗದಲ್ಲೋ ಹತ್ತಿರದಲ್ಲೋ ಮಾಲೀಕನೇ ಪುಕ್ಕಟೆ ತಾತ್ಕಾಲಿಕ ವಸತಿ ಕೊಡಬೇಕು, ಅಡುಗೆಗೆ, ಸ್ನಾನಕ್ಕೆ, ಶೌಚಕ್ಕೆ ಪ್ರತ್ಯೇಕ ಏರ್ಪಾಡಿರಬೇಕು ಎನ್ನುತ್ತಿತ್ತು ಅದು. ಕೆಲಸ ಮುಗಿದ ಮೇಲೆ ಆ ವಸತಿಯನ್ನು ಕೆಡವಬೇಕು ಎಂದೂ ಹೇಳುತ್ತಿತ್ತು. ನಾವು ಕಂಡಲ್ಲಿ ಅಡುಗೆಯ ಏರ್ಪಾಡು ಎಂದರೆ ಆ ಮೂರು ಕಲ್ಲು. ಮಿಕ್ಕ ಎರಡು ಏರ್ಪಾಡುಗಳ ಬಗ್ಗೆ ಹೆಣ್ಣುಮಗಳನ್ನು ಕೇಳುವುದು ಸಂಶೋಧನಾ ಶಿಷ್ಟಾಚಾರವಲ್ಲ.

“ಇದು ಮುಗಿದ ಮ್ಯಾಲ?”

“ಉಡುಪಿ ಕಡಿ ಇನ್ನೊಂದು ಹಿಡದಾರಂತ.”

“ಊರಾಗ ಮನಿ?”

“ಐತಲ್ಲರಿ. ಎರಡು ಖೋಲಿ, ಮ್ಯಾಲ ಮಾಳಗಿ. ಗುಳೆ ಹೊಂಟಾಗ ಕೀಲಿ ಹಾಕಿ ಬಂದೀವಿ.” ತಾಳಿಯ ಜೊತೆಗೆ ಕಟ್ಟಿಕೊಂಡಿದ್ದ ಕೀಲಿಕೈಯನ್ನು ಸೆರಗಿನೊಳಗಿಂದ ತೆಗೆದು ತೋರಿಸಿದಳು. ಹುಡುಗ ಅದನ್ನು ಕೈಯಲ್ಲಿ ಹಿಡಿದು ನೋಡಿ ಮರಳಿ ಕೊಟ್ಟ. ನಾಲ್ಕು ದಿನಗಳಲ್ಲಿ ಅವನ ಕೈಗೆ ಬಂದ ಮನೆಯ ಕೀಲಿಕೈ ಅದೊಂದೇ. ಮಂಗಳೂರಲ್ಲಿ ಗಲ್ಫಿನವರು ಹಾಕಿದ ಬೀಗ, ದೇವದುರ್ಗದಲ್ಲಿ ಮಂಗಳೂರಿಗೆ ಬಂದವರು ಹಾಕಿದ ಬೀಗ. ಈ ಎರಡು ಬೀಗಗಳ ನಡುವೆ ರಾತ್ರಿಯಿಡೀ ಓಡುವ ಬಸ್ಸಿದೆ, ಅದರಲ್ಲಿ ಸೀಟು ಸಿಗುವುದಿಲ್ಲ.

ಅಳಿಯ ಈಗ ಬಿ.ಸಿ. ರೋಡಿನಲ್ಲಿ ಮೂವರು ಇರುವ ಕೋಣೆಗೆ ನಾಲ್ಕನೆಯವನಾಗಿ ಸೇರಿದ್ದಾನೆ. ಕೆಲಸಕ್ಕೆ ಹೋಗಿಬರಲು ದಿನಕ್ಕೆ ಮೂರು ತಾಸು. ಸಮುದ್ರ ಇನ್ನೂ ನೋಡಿಲ್ಲ.

ಈ ಮಹಾಪ್ರಬಂಧಕ್ಕೆ ನನಗೆ ಡಾಕ್ಟರೇಟ್ ಬೇಡ. ಮಾನ್ವಿ ಸೀಮೆಯವನಾಗಿ ಒಂದು ಮನವಿ ಮಾತ್ರ ಉಂಟು. ಮಂಗಳೂರಿನ ಓದುಗರಲ್ಲಿ ಯಾರ ಬಳಿಯಾದರೂ ಹತ್ತು ಸಾವಿರದೊಳಗಿನ ಕೋಣೆ ಇದ್ದರೆ ದಯವಿಟ್ಟು ತಿಳಿಸಬೇಕು. ಹುಡುಗ ಬೀಡಿ, ಸಿಗರೇಟು ಮುಟ್ಟುವುದಿಲ್ಲ. ಸೋಮವಾರ, ಶನಿವಾರ ಮಾಂಸ ತಿನ್ನುವುದಿಲ್ಲ. ಉಳಿದ ದಿನ ತಿನ್ನುತ್ತಾನೆ, ಸುಳ್ಳು ಹೇಳುವುದಿಲ್ಲ. ಮಗಳು ಬರುವವಳಿದ್ದರೆ, ಬರುವ ತಾರೀಖನ್ನು ಮೊದಲೇ ಹೇಳಿದರೆ ಉಪಕಾರ.