ಬಿ ಪ್ಲಸ್ ಅಂದ್ರೆ ಬ್ಲಡ್ ಗ್ರೂಪ್ ಅಲ್ಲ ಸ್ವಾಮಿ!

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಸರ್ಕಾರಿ ಪ್ರಾಥಮಿಕ ಶಾಲೆಗಳ ಬೀರುಗಳಲ್ಲಿ ಒಂದು ಜೀವ ವರ್ಷದ ಬಹುಪಾಲು ಮಲಗಿರುತ್ತದೆ. ಸಹಿ ಬೀಳುವ ದಿನ ಮಾತ್ರ ಅದಕ್ಕೆ ಗಾಳಿ ಬೆಳಕು. ಕಡತದಲ್ಲಿ ಅದರ ಹೆಸರು ಪ್ರಗತಿ ಪತ್ರ, ಊರವರ ಬಾಯಲ್ಲಿ ಮಾರ್ಕ್ಸ್ ಕಾರ್ಡು. ಪಾಂಡವಪುರ ತಾಲ್ಲೂಕಿನ ಒಂದು ಶಾಲೆಯಲ್ಲಿ ನಾಲ್ಕನೇ ತರಗತಿಯ ಕಾರ್ಡೊಂದು ಮಾತಿಗೆ ಸಿಕ್ಕಿತು.

ಪ್ರಶ್ನೆ: ಹೇಗಿದ್ದೀರಿ?

ಕಾರ್ಡು: ಹೆಂಗಿರೋದು ಸ್ವಾಮಿ. ನನ್ನ ಎಡಕ್ಕೆ ಬಿಸಿಯೂಟದ ಅಕ್ಕಿ ಲೆಕ್ಕದ ಪುಸ್ತಕ, ಬಲಕ್ಕೆ ಮೊಟ್ಟೆ ಲೆಕ್ಕದ್ದು. ಅವರಿಬ್ಬರನ್ನೂ ದಿನಾ ತೆಗೆದು ನೋಡ್ತಾರೆ. ಒಂದು ಮೊಟ್ಟೆ ಲೆಕ್ಕ ತಪ್ಪಿದ್ರೆ ಸಿಆರ್‌ಪಿ ಕೇಳ್ತಾರೆ, ಬಿಇಒ ಆಫೀಸಿಂದ ಫೋನ್ ಬರುತ್ತೆ. ನನ್ನೊಳಗೆ ಒಂದು ಮಗುವಿನ ಲೆಕ್ಕವೇ ತಪ್ಪಿದ್ರೂ ‘ಇನ್ನೂ ಪ್ರಯತ್ನ ಬೇಕು’ ಅಂತ ಷರಾ ಬರೆದು ಮುಚ್ಚಿ ಇಡ್ತಾರೆ. ಯಾರ ಪ್ರಯತ್ನ ಅಂತ ಬರೆಯೋಕೆ ಮಾತ್ರ ಆ ಕಾಲಂನಲ್ಲಿ ಜಾಗ ಇಲ್ಲ.

ಪ್ರಶ್ನೆ: ನಿಮ್ಮ ಹೊಟ್ಟೆಯೊಳಗೆ ಏನೇನಿದೆ, ಸ್ವಲ್ಪ ಹೇಳಿ.

ಕಾರ್ಡು: ಎಫ್‌ಎ ನಾಲ್ಕು, ಎಸ್‌ಎ ಎರಡು. ಸುತ್ತೋಲೆ ಭಾಷೆ ಬೇಕಾದ್ರೆ ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನ. ಮೊದಲನೇದು ಪಾಠ ನಡೀತಿರುವಾಗಲೇ ಮಗು ಎಲ್ಲಿ ಎಡವ್ತಿದೆ ಅಂತ ಕಂಡು ಮೇಷ್ಟ್ರು ಪಾಠ ತಿದ್ದಿಕೊಳ್ಳಲಿ ಅಂತ ಮಾಡಿದ್ದು. ಎರಡನೇದು ಇಷ್ಟು ತಿಂಗಳಿಗೆ ಒಟ್ಟು ಏನು ಬಂತು ಅಂತ ನೋಡೋಕೆ. ಆದ್ರೆ ನಮ್ಮ ಕಡೆ ಅದು ನಾಲ್ಕು ಚಿಕ್ಕ ಪರೀಕ್ಷೆ, ಎರಡು ದೊಡ್ಡ ಪರೀಕ್ಷೆ ಆಗಿ ಕೂತಿದೆ. ಎಫ್‌ಎ ಒಂದರಲ್ಲಿ ಎಡವಿದ ಕಡೆಯೇ ಎಫ್‌ಎ ನಾಲ್ಕರಲ್ಲೂ ಎಡವಿರ್ತಾವೆ ಐಕ್ಳು. ನಾನು ನಾಲ್ಕು ಸಲವೂ ಅಚ್ಚುಕಟ್ಟಾಗಿ ದಾಖಲು ಮಾಡ್ಕೊಂಡಿರ್ತೀನಿ.

ಪ್ರಶ್ನೆ: ಅಂಕದ ಬದಲು ಶ್ರೇಣಿ ಬಂದ ಮೇಲೆ ಜನಕ್ಕೆ ಅರ್ಥವಾಗುವುದು ಸುಲಭವಾಯಿತೆ?

ಕಾರ್ಡು: ಸುಲಭ ಅಂದ್ರೆ, ಕೆ.ಆರ್. ಪೇಟೆ ತಾಲ್ಲೂಕಿನ ನಮ್ಮ ಅಣ್ಣನ ಕಥೆ ಕೇಳಿ. ಒಂದು ಮಗು ಅವನನ್ನ ಮನೆಗೆ ತಗೊಂಡು ಹೋಯ್ತು. ಅಜ್ಜಿ ಕನ್ನಡಕ ಏರಿಸಿ ನೋಡಿ, ‘ಬಿ ಪ್ಲಸ್ಸಾ! ನಮ್ಮನೇಲಿ ಎಲ್ಲಾರ್ದೂ ಓ ಪಾಸಿಟಿವ್ ಕನವ್ವಾ, ಇದಕ್ಕೆಲ್ಲಿಂದ ಬಂತು’ ಅಂತು. ಸೊಸೆ ಕಡೆಯವರ ತನಕ ಮಾತು ಹೋಯ್ತಂತೆ.

ಪ್ರಶ್ನೆ: (ನಗು) ಹಾಗಾದರೆ ನೀವೇ ಬಿಡಿಸಿ ಹೇಳಿಬಿಡಿ.

ಕಾರ್ಡು: 90ರಿಂದ ಮೇಲೆ ಎ+, 70ರಿಂದ 89 ಎ, 50ರಿಂದ 69 ಬಿ+, 30ರಿಂದ 49 ಬಿ, ಅದಕ್ಕಿಂತ ಕೆಳಗೆ ಸಿ. ಇದು ಯಾರಿಗಾದ್ರೂ ಬಾಯಿಪಾಠ ಬರುತ್ತೆ. ಇದರೊಳಗಿರೋ ಚೇಷ್ಟೆ ನೋಡಿ. ಒಂದು ಮಗು ಜುಲೈನಲ್ಲಿ 50 ತಗೊಂಡು, ಒದ್ದಾಡಿ, ಡಿಸೆಂಬರ್‌ಗೆ 68 ಮಾಡ್ತು ಅಂದ್ಕಳಿ. ಹದಿನೆಂಟು ಅಂಕ ಮೇಲೆ ಬಂದಿದೆ. ನನ್ನಲ್ಲಿ ಆಗಲೂ ಬಿ+, ಈಗಲೂ ಬಿ+. ಅಪ್ಪ ಅಂತಾನೆ, ‘ಇದ್ದಲ್ಲೇ ಇದೀಯ ಕಣ್ಲಾ.’ ಪಕ್ಕದ ಮನೆ ಮಗು 69ರಿಂದ 71ಕ್ಕೆ ಬಂತು. ಬರೀ ಎರಡಂಕ. ಬಿ+ ಹೋಗಿ ಎ ಆಯ್ತು. ಅವರ ಮನೇಲಿ ಒಬ್ಬಟ್ಟು!

ಪ್ರಶ್ನೆ: ಅಂದರೆ ಪ್ರಗತಿ ಪತ್ರದಲ್ಲಿ ಪ್ರಗತಿಯೇ ಕಾಣುವುದಿಲ್ಲ?

ಕಾರ್ಡು: ನನ್ನ ಬಾಯಿಂದಲೇ ಹೇಳಿಸಬೇಡಿ. ಒಸಿ ಹೊರಗೆ ಬನ್ನಿ, ಆ ಅರಳಿಕಟ್ಟೆ ಮೇಲೆ ಪೇಪರ್ ಓದ್ತಿರೋರನ್ನ ನೋಡಿ. ಮೊದಲು ಯಾವ ಮೂಲೆ ತೆಗೀತಾರೆ? ಕೆಆರ್‌ಎಸ್ ನೀರಿನ ಮಟ್ಟ. ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು. ಅಲ್ಲಿಗೆ ನಿಲ್ಲಿಸ್ತಾರಾ? ಒಳಹರಿವು ಎಷ್ಟು, ಹೊರಹರಿವು ಎಷ್ಟು, ಹೋದ ವರ್ಷ ಇದೇ ದಿನ ಎಷ್ಟಿತ್ತು, ಎಲ್ಲಾ ನೋಡ್ತಾರೆ. 90 ಅಡಿ ಇದ್ದು ಒಳಹರಿವು ಜೋರಿದ್ರೆ ಭತ್ತಕ್ಕೆ ಒಟ್ಲು ಬಿಡೋಕೆ ಹೊರಡ್ತಾರೆ. 110 ಇದ್ದು ಒಳಹರಿವೇ ಇಲ್ಲ ಅಂದ್ರೆ ನಾಲೆ ನಂಬ್ಕೊಂಡು ಕೂರಲ್ಲ. ಅದೇ ಮನುಷ್ಯ ಮನೆಗೆ ಬಂದು ನನ್ನ ಬಿಚ್ಚಿದ್ರೆ ಬರೀ ಮಟ್ಟ ನೋಡ್ತಾನೆ. ಗರಿಷ್ಠಕ್ಕೆ ಎಷ್ಟು ಕಮ್ಮಿ ಅಂತ ಕೇಳಿ ಬೆನ್ನಿಗೆ ಎರಡು ಬಿಡ್ತಾನೆ. ಒಳಹರಿವು ಎಷ್ಟಪ್ಪಾ ಅಂತ ಇವತ್ತಿನವರೆಗೆ ಒಬ್ಬ ಕೇಳಿಲ್ಲ.

ಪ್ರಶ್ನೆ: ಅಂಕವನ್ನೇ ಹಾಕಿಬಿಟ್ಟರೆ ಸಮಸ್ಯೆ ತೀರುತ್ತದಲ್ಲ?

ಕಾರ್ಡು: ಎಲ್ಲಿ ತೀರುತ್ತೆ? ಇಗೋ, ನನ್ನ ಜೊತೆಗೇ ಒಂದು ಉತ್ತರ ಪತ್ರಿಕೆ ಸಿಕ್ಕಿಸಿದ್ದಾರೆ, ನೋಡಿ. ಕಳೆಯುವ ಲೆಕ್ಕ. 52ರಲ್ಲಿ 27 ಕಳೆದ್ರೆ 35 ಅಂತ ಬರೆದಿದೆ ಹುಡುಗಿ. ಕೆಂಪು ಗೀಟು. 61ರಲ್ಲಿ 38 ಕಳೆದ್ರೆ 37. ಮತ್ತೆ ಕೆಂಪು. ಹತ್ತು ಲೆಕ್ಕ, ಹತ್ತೂ ತಪ್ಪು, ಸೊನ್ನೆ. ಅವರಮ್ಮ ‘ಇದಕ್ಕೆ ಲೆಕ್ಕ ತಲೆಗೆ ಹತ್ತಲ್ಲ’ ಅಂತ ಮೇಷ್ಟ್ರ ಮುಂದೆ ಅತ್ತರು. ಈಗ ಸರಿಯಾಗಿ ನೋಡಿ. 2ರಲ್ಲಿ 7 ಹೋಗಲ್ಲ. ಹುಡುಗಿ ಏನು ಮಾಡಿದೆ? 7ರಲ್ಲಿ 2 ಕಳೆದು 5 ಬರೆದಿದೆ. ಕೆಳಗಿನ ಲೆಕ್ಕದಲ್ಲೂ 1ರಲ್ಲಿ 8 ಹೋಗಲ್ಲ, 8ರಲ್ಲಿ 1 ಕಳೆದು 7. ಎಲ್ಲೆಲ್ಲಿ ಕಷ್ಟ ಬಂತೋ ಅಲ್ಲೆಲ್ಲ ದೊಡ್ಡದರಲ್ಲಿ ಚಿಕ್ಕದನ್ನ ಕಳೆದಿದೆ. ಹತ್ತು ತಪ್ಪು ಅಲ್ಲ ಸ್ವಾಮಿ, ಒಂದೇ ತಪ್ಪು, ಹತ್ತು ಸಲ. ಪಕ್ಕದ ಮನೆಯಿಂದ ಹತ್ತು ಸಾಲ ತರೋದು ಇನ್ನೂ ತಿಳಿದಿಲ್ಲ, ಅಷ್ಟೇ. ಸಾಲ ತರೋದನ್ನ ಮಂಡ್ಯ ಸೀಮೆ ಮಗೂಗೆ ಕಲಿಸಬೇಕಾಗಿ ಬಂತಲ್ಲ, ಅದೇ ಆಶ್ಚರ್ಯ!

ಇನ್ನೊಬ್ಬ ಹುಡುಗನದ್ದೂ ಸೊನ್ನೆ. ಅವನದು ಒಂದು ಕಡೆ ಕೂಡಿದ್ದಾನೆ, ಒಂದು ಕಡೆ ಸುಮ್ಮನೆ ಏನೋ ಗೀಚಿದ್ದಾನೆ. ಅವನಿಗೆ 52 ಅಂದ್ರೆ ಐದು ಹತ್ತು, ಎರಡು ಬಿಡಿ ಅನ್ನೋದೇ ಕೂತಿಲ್ಲ. ಆ ಹುಡುಗಿಗೆ ಕಡ್ಡಿ ಕಟ್ಟು ಬಿಚ್ಚಿ ತೋರಿಸಿದ್ರೆ ನಾಲ್ಕು ದಿನದ ಕೆಲಸ. ಇವನಿಗೆ ಹಿಂದಿನ ಎರಡು ವರ್ಷದ ಪಾಠದಿಂದ ಹಿಡಿಬೇಕು. ನನ್ನಲ್ಲಿ ಇಬ್ಬರಿಗೂ ‘ಸಿ’.

ಪ್ರಶ್ನೆ: ಮೂರನೇ ತರಗತಿಯವರೆಗೆ ನಲಿಕಲಿ ಇತ್ತಲ್ಲ? ಅದರಲ್ಲಿ ಇದು ತಿಳಿಯುತ್ತಿರಲಿಲ್ಲವೆ?

ಕಾರ್ಡು: ಅದು ನಮ್ಮ ದೊಡ್ಡಪ್ಪನ ಮನೆ ಲೆಕ್ಕ. 1995ರಲ್ಲಿ ನಮ್ಮ ಪಕ್ಕದ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಲ್ಲಿ ಹುಟ್ಟಿದ್ದು, ಆಂಧ್ರದ ರಿಷಿವ್ಯಾಲಿಯವರದ್ದು ನೋಡಿ ಕಲಿತು ನಮ್ಮ ಮೇಷ್ಟ್ರುಗಳೇ ಕಟ್ಟಿದ್ದು. 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಹಬ್ಬಿತು. ಅಲ್ಲಿ ಗೋಡೆ ಮೇಲೆ ಕಲಿಕಾ ಏಣಿ ಇರುತ್ತೆ, ಒಂದೊಂದು ಮೆಟ್ಟಿಲಿಗೂ ಒಂದು ಚಿತ್ರದ ಗುರುತು. ಮಗು ತಾನು ಎಲ್ಲಿದ್ದೀನಿ ಅಂತ ತಾನೇ ಬೆರಳಿಟ್ಟು ತೋರಿಸುತ್ತೆ, ಅದಕ್ಕೆ ತಕ್ಕ ಗುಂಪಿಗೆ ಹೋಗಿ ಕೂರುತ್ತೆ. ಹಿಂದಿದ್ದೀಯ ಅಂತ ಯಾರೂ ಬೈಯಲ್ಲ, ಮುಂದಿನ ಕಲಿಕಾ ಕಾರ್ಡು ಯಾವುದು ಅಂತ ಮಾತ್ರ ಕೇಳ್ತಾರೆ. ಪುಸ್ತಕದಲ್ಲಿ ಹಿಂಗೆ. ತರಗತಿಯಲ್ಲಿ ಎಷ್ಟೋ ಕಡೆ ಏಣಿ ಗೋಡೆಗೆ ಅಂಟಿಕೊಂಡೇ ಹಳದಿ ಆಗೋಗಿದೆ, ಅದು ಬೇರೆ ಮಾತು.

ನನ್ನ ಹೊಟ್ಟೆ ಉರಿಯೋದು ಜೂನ್‌ನಲ್ಲಿ. ಮೂರನೇ ಕ್ಲಾಸಿನ ತನಕ ಒಬ್ಬೊಬ್ಬರು ಒಂದೊಂದು ಮೆಟ್ಟಿಲಲ್ಲಿ ಇದ್ದ ಐಕ್ಳು ನಾಲ್ಕಕ್ಕೆ ಬಂದ ದಿನವೇ ಎಲ್ಲಾರೂ ಪಾಠ ಒಂದು, ಪುಟ ಒಂದು. ಬೇಸಿಗೆ ರಜದಲ್ಲಿ ಏಣಿ ಯಾರು ತೆಗೆದರೋ ಗೊತ್ತಿಲ್ಲ.

ಪ್ರಶ್ನೆ: ಮೂರನೇ ತರಗತಿ ಮುಗಿಸಿದ ಮಗುವಿಗೆ ಇಷ್ಟು ಬರಲೇಬೇಕು ಎಂದು ಕೇಂದ್ರ ಸರ್ಕಾರವೂ ಹೇಳಿದೆಯಂತೆ.

ಕಾರ್ಡು: ಹೇಳಿದೆ. 2021ರ ನಿಪುಣ್ ಭಾರತ್. 2026–27ರೊಳಗೆ ದೇಶದ ಪ್ರತಿ ಮಗುವಿಗೂ ಮೂರನೇ ಕ್ಲಾಸು ಮುಗಿಯೋ ಹೊತ್ತಿಗೆ ಅರ್ಥ ಆಗೋ ಹಂಗೆ ಓದೋಕೆ ಬರಬೇಕು, ಅದೂ ನಿಮಿಷಕ್ಕೆ 60 ಪದ. ಲೆಕ್ಕದಲ್ಲಿ 9999ರ ತನಕ. ಒಳ್ಳೇದೇ. ಗಡಿಯಾರ ಹಿಡಿದು ಕೂತವರಿಗೆ ಒಂದೇ ತೊಂದರೆ, ‘ಹೋಗಬೇಕಾಗಿರಲಿಲ್ಲವಂತೆ’ ಅನ್ನೋದೂ ನಮ್ಮಲ್ಲಿ ಒಂದು ಪದ! 2022ರಲ್ಲಿ ಎನ್‌ಸಿಇಆರ್‌ಟಿಯವರು ತಳಹದಿ ಕಲಿಕೆಯ ಅಧ್ಯಯನ ಮಾಡುವಾಗ ಇಪ್ಪತ್ತು ಭಾಷೆಯಲ್ಲಿ ಬೇರೆ ಬೇರೆಯಾಗಿಯೇ ಓದಿಸಿ ನೋಡಿದ್ರು, ಪುಣ್ಯಕ್ಕೆ. ಆದ್ರೆ ನಮ್ಮ ಊರಿಗೆ ಬಂದು ಮುಟ್ಟಿದ್ದು 60 ಅನ್ನೋ ಸಂಖ್ಯೆ ಮಾತ್ರ. ಈಗ ಐಕ್ಳು ಪ್ಯಾರಾ ಬಾಯಿಪಾಠ ಮಾಡಿ, ಪುಸ್ತಕ ತಲೆಕೆಳಗಾಗಿ ಹಿಡಿದ್ರೂ 60 ದಾಟಿಸ್ತಾವೆ.

ಪ್ರಶ್ನೆ: ಹಿಂದಿನಂತೆ ಫೇಲ್ ಮಾಡಿದ್ದರೆ ಮಕ್ಕಳು ಓದುತ್ತಿದ್ದರು ಎನ್ನುವವರಿಗೆ ಏನು ಹೇಳುತ್ತೀರಿ?

ಕಾರ್ಡು: ಏಪ್ರಿಲ್ ಹತ್ತು ಅಂದ್ರೆ ಪಾಸೋ ಫೇಲೋ ಅಂತ ಎದೆ ಡವಡವ ಅನ್ನಿಸಿಕೊಂಡವರೇ ಈ ಮಾತು ಆಡೋದು. ಫೇಲಾದವನು ಅದೇ ಕ್ಲಾಸಲ್ಲಿ ಅದೇ ಪಾಠವನ್ನ ಅದೇ ರೀತಿ ಇನ್ನೊಂದು ವರ್ಷ ಕೇಳಿದ, ಆಮೇಲೆ ದನ ಹೊಡ್ಕೊಂಡು ಹೋದ. 2010ರ ಏಪ್ರಿಲ್ 1ಕ್ಕೆ ಶಿಕ್ಷಣ ಹಕ್ಕು ಕಾಯ್ದೆ ಬಂದು ಎಂಟನೇ ಕ್ಲಾಸಿನ ತನಕ ತಡೆಯೋ ಹಂಗಿಲ್ಲ ಅಂತು. ತಡೀಬೇಡಿ ಅಂದಿದ್ದನ್ನ ನೋಡಲೂ ಬೇಡಿ ಅಂತ ಅರ್ಥ ಮಾಡ್ಕೊಂಡಿದ್ದು ನಾವು. 2019ರಲ್ಲಿ ತಿದ್ದುಪಡಿ ಆಗಿ ಐದು, ಎಂಟರಲ್ಲಿ ರಾಜ್ಯಗಳು ಬೇಕಿದ್ರೆ ತಡೀಬಹುದು ಅಂತಾಯ್ತು.

ಅದಿರಲಿ, 2024ರಲ್ಲಿ ಐದನೇ ಕ್ಲಾಸಿನ ನಮ್ಮಣ್ಣ ಪಟ್ಟ ಪಾಡು ಕೇಳಿದ್ದೀರಾ? ಬೋರ್ಡ್ ಪರೀಕ್ಷೆ ಅಂದ್ರು. ಮಾರ್ಚ್ 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡ್ತು. 7ಕ್ಕೆ ವಿಭಾಗೀಯ ಪೀಠ ಆ ರದ್ದಿಗೆ ತಡೆ ಕೊಡ್ತು. 11ಕ್ಕೆ ಪರೀಕ್ಷೆ ಶುರು. 12ಕ್ಕೆ ಸುಪ್ರೀಂ ಕೋರ್ಟಿಂದ ನಿಲ್ಲಿಸಿ ಅಂತ ಬಂತು. 22ಕ್ಕೆ ವಿಭಾಗೀಯ ಪೀಠ ಮಾಡಿ ಅಂತು, 25ರಿಂದ ಮಿಕ್ಕಿದ ವಿಷಯ ಬರೆದ್ರು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟು ಫಲಿತಾಂಶ ಕೊಡಬೇಡಿ ಅಂತು. ಹತ್ತು ವರ್ಷದ ಮಗು ದಿನಾ ಬೆಳಿಗ್ಗೆ ‘ಇವತ್ತು ಪರೀಕ್ಷೆ ಐತಾ, ಕೋರ್ಟ್ ಐತಾ’ ಅಂತ ಕೇಳ್ತಿತ್ತು. ಆ ವರ್ಷ ನಮ್ಮ ಕಡೆ ನಿಜವಾಗಿ ಪ್ರಗತಿ ಆಗಿದ್ದು ಕಾನೂನು ಜ್ಞಾನದಲ್ಲಿ.

ಪ್ರಶ್ನೆ: ಶ್ರೀರಂಗಪಟ್ಟಣದ ನಿಮ್ಮ ಬಂಧುಗಳು ಹೇಗಿದ್ದಾರೆ?

ಕಾರ್ಡು: ಮೈಸೂರಿನ ಗಾಳಿ ಬೀಸ್ತದೆ ಅವರಿಗೆ. ಕಾನ್ವೆಂಟ್ ಕಾರ್ಡುಗಳ ಎದುರು ದಿನಾ ನಿಲ್ಲಬೇಕು. ಆ ಮಗು ಶೇಕಡ 98, ನಮ್ಮದು ಬಿ+ ಅಂತ ಕೊರಗು. ಆ 98 ಯಾವ ಪ್ರಶ್ನೆಗೆ, ಯಾರು ಪ್ರಶ್ನೆಪತ್ರಿಕೆ ಮಾಡಿದ್ದು, ಯಾರು ತಿದ್ದಿದ್ದು ಅಂತ ಯಾರೂ ಕೇಳಲ್ಲ. ಎರಡು ಶಾಲೆಯ ಕಾರ್ಡು ಪಕ್ಕಪಕ್ಕ ಇಟ್ಟು ಹೋಲಿಸೋದು ನಡೆಯೋ ಮಾತಲ್ಲ, ಆದ್ರೂ ಮದುವೆ ಮನೇಲಿ ಮಾಡೋದೇ ಅದು. ಐದನೇ ಕ್ಲಾಸಿಗೆ ಬಂದ್ರೆ ನವೋದಯ ಪರೀಕ್ಷೆಯ ಕೋಚಿಂಗ್ ಬೇರೆ. ಎರಡು ಗಂಟೆಯಲ್ಲಿ 80 ಪ್ರಶ್ನೆ.

ಪ್ರಶ್ನೆ: ಇಷ್ಟಕ್ಕೆಲ್ಲ ಮೇಷ್ಟ್ರುಗಳೇ ಹೊಣೆಯೆ?

ಕಾರ್ಡು: ಬುಡಿ ಅತ್ಲಾಗೆ! ಒಂದರಿಂದ ಐದಕ್ಕೆ ಇಬ್ಬರು ಮೇಷ್ಟ್ರು ಇರೋ ಶಾಲೆ ಬೇಕಾದಷ್ಟಿವೆ. ಮತದಾರರ ಪಟ್ಟಿ ಅವರದೇ, ಮೊಟ್ಟೆ ಸುಲಿಸೋದು ಅವರದೇ. 2025ರಲ್ಲಿ ಜಾತಿ ಸಮೀಕ್ಷೆಗೆ ಮನೆಮನೆ ಸುತ್ತಿದ್ದೂ ಅವರೇ, ದಸರಾ ರಜವನ್ನ ಅಕ್ಟೋಬರ್ 18ರ ತನಕ ಎಳೆದರಲ್ಲ. ಇಷ್ಟರ ನಡುವೆಯೂ ಆ ಹುಡುಗಿಯ ಹತ್ತು ಸಲದ ಒಂದು ತಪ್ಪನ್ನ ಕಂಡುಹಿಡಿದದ್ದು ಮೇಷ್ಟ್ರೇ. ಅದನ್ನ ಬರೆಯೋಕೆ ನನ್ನಲ್ಲಿ ಜಾಗ ಇಲ್ಲ ಅಂತ ಅವರ ನೋಟ್ ಬುಕ್ಕಿನ ಹಿಂದಿನ ಪುಟದಲ್ಲಿ ಬರ್ಕೊಂಡಿದ್ದಾರೆ. ನಿಜವಾದ ಪ್ರಗತಿ ಪತ್ರ ಅದು, ನಾನಲ್ಲ. ಇಲಾಖೆಗೆ ಅದು ಬೇಡ, ಅವರ ಆನ್‌ಲೈನ್ ದಾಖಲೆ ಎಸ್‌ಎಟಿಎಸ್‌ಗೆ ಏರಿಸೋಕೆ ಒಂದು ಅಂಕೆ ಸಾಕು.

ಪ್ರಶ್ನೆ: ‘ಸಮುದಾಯದತ್ತ ಶಾಲೆ’ ದಿನ ಪೋಷಕರು ಬಂದಾಗ ಏನು ಕೇಳಬೇಕು?

ಕಾರ್ಡು: ಮೊದಲು ಬರಬೇಕು. ಅಪ್ಪ ಆಲೆಮನೆ ಹತ್ರ, ಅವ್ವ ನಾಟಿಗೆ, ಬರೋದು ಅಜ್ಜಿ. ಬಂದ ಅಜ್ಜಿಯೂ ‘ಪಾಸಾ ಸಾ?’ ಅಂತ ಕೇಳಿ, ಹೆಬ್ಬೆಟ್ಟು ಒತ್ತಿ ಹೋಗುತ್ತೆ. ಪಾಸ್ ಅಂತೂ ಪಾಸೇ. ಅದರ ಬದಲು ‘ಹೋದ ಸಲ ಬರ್ದೇ ಇದ್ದದ್ದು ಏನು, ಅದು ಈಗ ಬತ್ತದಾ?’ ಅಂತ ಕೇಳಲಿ. ಗ್ರೇಡ್ ಬಿಟ್ಟು ತಪ್ಪಾದ ಲೆಕ್ಕ ತೋರಿಸಿ ಅನ್ನಲಿ. ಮನೇಲಿ ಮಗೂನ ಕೂರಿಸಿಕೊಂಡು ಪಾಠದ್ದಲ್ಲದ ಒಂದು ಪುಟ, ಕೆಎಂಎಫ್ ಹಾಲಿನ ಪ್ಯಾಕೆಟ್ಟಾದ್ರೂ ಸರಿ, ಓದಿಸಿ ಏನು ಬರೆದೈತೆ ಅಂತ ಕೇಳಲಿ. ನನಗಿಂತ ಆ ಪ್ಯಾಕೆಟ್ ಚೆನ್ನಾಗಿ ಹೇಳುತ್ತೆ.

ಪ್ರಶ್ನೆ: ಕೊನೆಯದಾಗಿ, ಸಂದರ್ಶನದಲ್ಲಿ ನಿಮ್ಮ ಹೆಸರು ಹಾಕಬಹುದೆ?

ಕಾರ್ಡು: ಹೆಸರು ಬೇಡ, ನೋಟಿಸ್ ಬಂದೀತು. ಬೇಕಾದ್ರೆ ಎಸ್‌ಎಟಿಎಸ್ ನಂಬರ್ ಹಾಕ್ಕಳಿ.

ಪ್ರಶ್ನೆ: ಅದರಲ್ಲಿ ಹುಡುಕಿದರೆ ಸಿಕ್ಕಿಬೀಳುವುದಿಲ್ಲವೆ?

ಕಾರ್ಡು: ಸರ್ವರ್ ಬರಲಿ, ಆಮೇಲೆ ನೋಡೋಣ.